ವಿಮಾನ ಕಂಡ ಮೊದಲ ಚೀಲ

ಹೊಸ ಮೆಣಸಿನಕಾಯಿ ಮೊದಲ ಬಿಸಿಲು ಕುಡಿಯುವಾಗ ಒಂದು ವಾಸನೆ ಬರುತ್ತದೆ. ಅದು ಖಾರದ ಘಾಟಲ್ಲ. ಘಾಟು ಆಮೇಲಿನ ಮಾತು. ಇದು ಸ್ವಲ್ಪ ಸಿಹಿ, ಸ್ವಲ್ಪ ಹಸಿ, ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ಬಿಸಿಲಿಗಿಟ್ಟಂಥ ವಾಸನೆ. ಕರಬಸಪ್ಪ ಚಡ್ಡಿ ಹಾಕಿಕೊಂಡು ಮೋಟೆಬೆನ್ನೂರಿನ ಅಜ್ಜಿಯ ಮನೆಗೆ ರಜೆಗೆ ಬರುತ್ತಿದ್ದ ಕಾಲದಲ್ಲಿ, ಬೆಳಿಗ್ಗೆ ಅವನನ್ನು ಎಬ್ಬಿಸುತ್ತಿದ್ದುದೇ ಆ ವಾಸನೆ. ಈಗ ತಲೆಗೂದಲು ಬೆಳ್ಳಗಾದ ಮೇಲೆ, ಅದೇ ಮನೆಯ ಪಡಸಾಲೆಯಲ್ಲಿ, ಅದೇ ತೊಲೆಯ ಕೆಳಗೆ ಹೊರಸಿನ ಮೇಲೆ ಮಲಗಿ ಅವನು ಕಣ್ಣು ಮುಚ್ಚಿಕೊಂಡೇ ಉಸಿರೆಳೆದುಕೊಂಡ. ವಾಸನೆ ಬಂತು. ಅಜ್ಜಿಯ ಬಳೆ ಸದ್ದೂ ಕೇಳಿದ ಹಾಗಾಯಿತು. ಮನುಷ್ಯನ ನೆನಪೆಂದರೆ ಎಂಥ ದೊಡ್ಡ ವಸ್ತು ಎಂದು ಬೆರಗಾಗಿ ಅವನು ಮಗ್ಗುಲು ಬದಲಿಸಿದ.

ಅಕ್ಕ ಸುಶೀಲವ್ವನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಅಜ್ಜಿಯ ಮನೆಯೇ ಈಗ ಅಕ್ಕನ ಮನೆ. ಕರಬಸಪ್ಪ ಅಲ್ಲಿಗೆ ಬಂದದ್ದು ಒಂದು ಹೊತ್ತಿನ ಊಟಕ್ಕೆ. ಊಟ ಮುಗಿಸಿ ಏಳುವಾಗ ಮೊಣಕಾಲು ಹಿಡಿದುಕೊಂಡಿತು. ಅಕ್ಕ ಎಣ್ಣೆ ಕಾಸಿ ಕೊಟ್ಟಳು. ಮರುದಿನವೂ ಕಾಲು ಹಾಗೇ ಇತ್ತು; ಬಿಸಿ ಜೋಳದ ರೊಟ್ಟಿಯೂ ಇತ್ತು. ರೊಟ್ಟಿಯ ಮೇಲೆ ಹಣ್ಣುಮೆಣಸಿನಕಾಯಿ ರುಬ್ಬಿದ ರಂಜಕ, ರಂಜಕದ ಮೇಲೆ ಬೆಣ್ಣೆ. “ಹ್ವಾದ ವರ್ಷದ ರಂಜಕ ಇನ್ನೂ ಹೆಂಗ ಉಳಿಸೀಯಬೇ ಅಕ್ಕಾ, ಇವತ್ತ ರುಬ್ಬಿದಂಗ ಐತಲ್ಲ,” ಎಂದು ಅವನು ದಿನವೂ ಹೊಗಳುತ್ತಿದ್ದ. ಅಕ್ಕ ದಿನವೂ ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಹೀಗೆ ವಾರ ದಾಟಿತ್ತು.

ಉಂಡದ್ದಕ್ಕೆ ಪ್ರತಿಯಾಗಿ ಅವನೂ ಒಂದು ಕೆಲಸ ಮಾಡುತ್ತಿದ್ದ. ಬೆಳಿಗ್ಗೆ, ಸಂಜೆ ಅಕ್ಕ ಮಾಳಿಗೆ ಹತ್ತುವಾಗ ಏಣಿ ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುತ್ತಿದ್ದ. ಮೇಲೆ ಏನೋ ಒಣಹಾಕಿದ್ದಳು. ಶಾವಿಗೆಯೋ ಹಪ್ಪಳವೋ ಇರಬೇಕು. ಹೆಂಗಸರ ಕೆಲಸದಲ್ಲಿ ಮೂಗು ತೂರಿಸುವ ಗಂಡಸು ಅವನಲ್ಲ.

ಮೂಗಿನ ಮಾತು ಬಂದದ್ದರಿಂದ ಹೇಳಬೇಕು: ಕರಬಸಪ್ಪನ ಅನ್ನ ಇದ್ದುದೇ ಮೂಗಿನಲ್ಲಿ. ಬ್ಯಾಡಗಿಯ ಶಶಿಕಾಂತ ಸಾಹುಕಾರರ ಮೆಣಸಿನಕಾಯಿ ದಲಾಲಿ ಅಂಗಡಿಗೆ ಅವನು ಬೆಳೆ ನೋಡುವವನು. ಸುಗ್ಗಿಗೆ ಮೊದಲು ಹಾವೇರಿ, ಗುತ್ತಲ, ರಾಣೆಬೆನ್ನೂರಿನ ಕಡೆಯ ಹಳ್ಳಿಗಳನ್ನು ಸುತ್ತಿ, ಹೊಲದ ಬದುವಿನ ಮೇಲೆ ನಿಂತು, ಮೂಗೆತ್ತಿ, ಎಲ್ಲಿ ಕಾಯಿ ಮೊದಲು ಹಣ್ಣಾಗುತ್ತದೆ ಎಂದು ಹೇಳಬೇಕು. ಹೋದಲ್ಲೆಲ್ಲ ಜನ ಹೊರಸು ಹಾಕಿ, ಚಹಾ ಕೊಟ್ಟು, ‘ಬೆಳಿ ನೋಡೋ ಕರಬಸಪ್ಪನವರು ಬಂದ್ರು’ ಎನ್ನುತ್ತಿದ್ದರು. ಆ ಒಂದು ‘ಅವರು’ ಕೇಳಲಿಕ್ಕಾಗಿ ಅವನು ಎಷ್ಟು ದೂರವಾದರೂ ನಡೆದಾನು. ಈ ವರ್ಷ ಮಾತ್ರ ನಡೆದಿರಲಿಲ್ಲ. ಹೊರಸಿನ ಮೇಲಿಂದಲೇ ದಿನಾ ಸಂಜೆ ಸಾಹುಕಾರರಿಗೆ ಫೋನು ಮಾಡಿ, ಇವತ್ತು ಗುತ್ತಲದಲ್ಲಿದ್ದೇನೆ, ಗಿಡ ಇನ್ನೂ ಹಸಿರು ಎಂದೋ, ಇವತ್ತು ಹಾವೇರಿಯ ಆಚೆಗಿದ್ದೇನೆ, ಅಲ್ಲೂ ಹಸಿರು ಎಂದೋ ಹೇಳುತ್ತಿದ್ದ. ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಮಳೆ ಹಿಂದಾಗಿತ್ತು. ಹಸಿರು ಎನ್ನುವುದಕ್ಕೆ ದೊಡ್ಡ ಧೈರ್ಯ ಬೇಕಿರಲಿಲ್ಲ.

ಧೈರ್ಯ ಬೇಕಾದ ದಿನ ಅವತ್ತು ಬಂತು. ಏಣಿ ಹಿಡಿಯುವ ಕೆಲಸ ಮುಗಿಸಿ ಕುಳಿತಿದ್ದವನಿಗೆ ಸಾಹುಕಾರರ ಫೋನು ಬಂತು.

ಪ್ರತಿ ವರ್ಷ ಹೊಸ ಕಾಯಿಯ ಮೊದಲ ಚೀಲ ಯಾರ ಅಂಗಡಿಗೆ ಬರುತ್ತದೋ ಅವರಿಗೆ ಆ ವರ್ಷವೆಲ್ಲ ಪೇಟೆಯಲ್ಲಿ ಒಂದು ಮರ್ಯಾದೆ. ಚೀಲಕ್ಕೆ ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಶಹನಾಯಿ ಊದಿಸಿಕೊಂಡು ತಂದು ಅಂಗಡಿಯ ಲಕ್ಷ್ಮಿಯ ಪಟದ ಮುಂದೆ ಇಡಬೇಕು. ಸಾಹುಕಾರರ ತಂದೆಯ ಕಾಲದಲ್ಲಿ ಆ ಚೀಲ ಇವರ ಅಂಗಡಿ ಬಿಟ್ಟು ಹೋದದ್ದಿಲ್ಲ. ಈಚೆಗೆ ಎರಡು ವರ್ಷ ಎದುರಿನ ಅಂಗಡಿಯ ವೀರೇಂದ್ರನ ಪಾಲಾಗಿತ್ತು. ಎದುರು ಅಂಗಡಿ ಎಂದರೆ ಪಟದ ಮುಂದಿನ ದೀಪವೂ ಕಾಣುವಷ್ಟು ಎದುರು.

ಸಾಹುಕಾರರು ಜೋರು ಮಾಡಲಿಲ್ಲ. ಅದಕ್ಕೇ ಕರಬಸಪ್ಪನಿಗೆ ಹೆದರಿಕೆಯಾಯಿತು. ವೀರೇಂದ್ರ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹಳ್ಳಿ ಕಡೆ ಹೊರಟಿದ್ದಾನೆಂದು ಹೇಳಿ, ಆಮೇಲೆ ಮೆಲ್ಲಗೆ, “ಇವತ್ತ ಹೊತ್ತು ಮುಣುಗೂದ್ರಾಗ ಹೊಸಾ ಕಾಯಿ ತೋರಸು, ಕರಬಸಪ್ಪ. ಇಲ್ಲಾಂದ್ರ ನಾಳಿಂದ ಊರು ತಿರುಗೂದು ಸಾಕು. ಗೋಡೌನಿನ್ಯಾಗ ಕುಂತು ಚೀಲದ ಬಾಯಿ ಹೊಲಿ,” ಎಂದರು.

ಗೋಡೌನು ಎಂದರೆ ಖಾರದ ಧೂಳು, ಇಡೀ ದಿನ ಸೀನು. ಅಲ್ಲಿ ಚೀಲ ಹೊಲಿಯುವವನನ್ನು ಯಾರೂ ‘ಅವರು’ ಎನ್ನುವುದಿಲ್ಲ. ಸೀನಿನ ನಡುವೆ ಎನ್ನಲಿಕ್ಕೆ ಪುರುಸೊತ್ತೂ ಇರುವುದಿಲ್ಲ.

ಸಾಹುಕಾರರು ಇನ್ನೊಂದು ಸುದ್ದಿಯನ್ನೂ ಹೇಳಿದರು. ಮೋಟೆಬೆನ್ನೂರಿನ ಬಯಲಿಗೆ ಯಾರೋ ಪುಟ್ಟ ವಿಮಾನ ತಂದಿದ್ದಾರಂತೆ. ಒಳಗೆ ಮನುಷ್ಯನಿಲ್ಲ, ಹೊಟ್ಟೆಯಲ್ಲಿ ಕ್ಯಾಮೆರಾ ಇದೆ, ಮೇಲೆ ಹಾರಿ ಹೊಲಮನೆಯ ಫೋಟೋ ತೆಗೆಯುತ್ತದೆ. ತಾವು ಅಲ್ಲಿಗೇ ಬರುತ್ತಿದ್ದೇವೆ, ನೀನು ಗುತ್ತಲದಿಂದ ಲಗೂ ಬಾ, ಎಂದರು. ಗುತ್ತಲದಿಂದ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕರಬಸಪ್ಪ ಅಕ್ಕನ ಮನೆಯ ಬಾಗಿಲ ಸಂದಿಯಲ್ಲಿ ನಿಂತು, ಆಮೇಲೆ ಕಾಲಿಗೆ ದಾರಿಯ ಧೂಳು ಉಜ್ಜಿಕೊಂಡು ಬಯಲಿಗೆ ಹೋದ.

ಬಯಲಿನಲ್ಲಿ ಅರ್ಧ ಊರು ನೆರೆದಿತ್ತು. ಸಾಹುಕಾರರು ಬಿಳಿ ಧೋತರ ಉಟ್ಟು, ಅಲ್ಲಾವುದ್ದೀನನ ಟೆಂಪೋದಲ್ಲಿ ಸಕಲ ತಯಾರಿಯೊಂದಿಗೆ ಬಂದಿದ್ದರು. ಅಂಗಡಿಯ ಹೆಸರು ಬರೆದ ಹೊಸ ಚೀಲ, ತೆಂಗಿನಕಾಯಿ, ಹೂಮಾಲೆ, ಮತ್ತು ಹಾವೇರಿಯ ಫಕ್ಕೀರಸಾಬನ ಶಹನಾಯಿ ಮೇಳ. ಕಾಯಿಯೊಂದು ಸಿಕ್ಕರೆ ಆಯಿತು.

ವಿಮಾನ ನೋಡಿ ಮೊದಲು ಎಲ್ಲರಿಗೂ ನಿರಾಶೆಯಾಯಿತು. ರೊಟ್ಟಿ ತಟ್ಟುವ ಹಲಗೆಗೆ ಥರ್ಮೋಕೋಲಿನ ರೆಕ್ಕೆ ಹಚ್ಚಿದಂತಿತ್ತು. ತಂದವಳು ಮೀನಾಕ್ಷಿ ಎಂಬ ಹುಡುಗಿ, ಧಾರವಾಡದ ಕಡೆಯವಳು, ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಜಿಲ್ಲೆಯ ಕೆರೆಗಳ ಸ್ಥಿತಿ, ಗಿಡಮರದ ಆರೋಗ್ಯ ನೋಡಲು ಬಂದವಳು. ಕೇಳಿದ ಪ್ರತಿಯೊಬ್ಬರಿಗೂ ಬೇಸರಪಡದೆ ಹೇಳುತ್ತಿದ್ದಳು: ಇದಕ್ಕೆ ಡ್ರೋನ್ ಅನ್ನುತ್ತಾರೆ, ಇದರ ಹೊಟ್ಟೆಯಲ್ಲಿ ಎರಡು ಕಣ್ಣಿವೆ, ಒಂದು ನೆಲದ ಶಾಖ ಅಳೆಯುತ್ತದೆ, ಇನ್ನೊಂದು ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುತ್ತದೆ. ಒಬ್ಬ ಅಜ್ಜ ತನ್ನ ತಪ್ಪಿಸಿಕೊಂಡ ಎಮ್ಮೆಕರು ಅದಕ್ಕೆ ಕಂಡೀತೇ ಎಂದು ಕೇಳಿದ. ಕರು ಹೇಗಿದೆ, ಯಾವ ಬಣ್ಣ ಎಂದು ಅವಳು ನಿಜವಾಗಿಯೂ ಕೇಳಿ ತಿಳಿದುಕೊಂಡಳು. ಅಜ್ಜನಿಗೆ ಅಷ್ಟರಲ್ಲೇ ಅರ್ಧ ಕರು ಸಿಕ್ಕಂತಾಯಿತು.

ಅವಳ ಜೊತೆಗಾರ ವಿಮಾನವನ್ನು ಎತ್ತಿ, ನಾಲ್ಕು ಹೆಜ್ಜೆ ಓಡಿ, ಗಾಳಿಗೆ ಎಸೆದ. ಅದು ಹಳೆಯ ಮಿಕ್ಸರಿನಂತೆ ಗುರುಗುಟ್ಟುತ್ತ ಬೇವಿನ ಮರ ದಾಟಿ, ಊರಿನ ಮಾಳಿಗೆಗಳ ಮೇಲೆ ಸುತ್ತು ಹಾಕತೊಡಗಿತು. ಆಗ ನಿರಾಶೆಯೆಲ್ಲ ಹಾರಿಹೋಯಿತು. ಹುಡುಗರು ಅದರ ನೆರಳಿನ ಹಿಂದೆ ಓಡಿದರು, ಹುಡುಗರ ಹಿಂದೆ ನಾಯಿಗಳು ಓಡಿದವು, ಫಕ್ಕೀರಸಾಬ ತಡೆಯಲಾರದೆ ಒಂದು ಸುತ್ತು ಶಹನಾಯಿ ಊದಿಯೇಬಿಟ್ಟ. ಸಾಹುಕಾರರು ಮುಗಿಲು ನೋಡುತ್ತ ಬಾಯಿ ತೆರೆದು ನಿಂತಿದ್ದರು. ಅವರ ಕೈ ಅವರಿಗೆ ಗೊತ್ತಿಲ್ಲದಂತೆ ಅಲ್ಲಾವುದ್ದೀನನ ಹೆಗಲ ಮೇಲೆ ಹೋಗಿ ಕುಳಿತಿತ್ತು. ಅಲ್ಲಾವುದ್ದೀನ ಅದು ಜಾರಬಾರದೆಂದು ಅಲುಗಾಡದೆ ನಿಂತಿದ್ದ.

ಕರಬಸಪ್ಪನೊಬ್ಬ ಮಾತ್ರ ಬೇವಿನ ಮರದ ಕೆಳಗೆ ಸರಿದು ನಿಂತಿದ್ದ. ಈ ಹಲಗೆ ಒಂದು ಸುತ್ತಿನಲ್ಲಿ ಬೆಳೆ ನೋಡಿ ಮುಗಿಸಿದರೆ ತನ್ನ ಗತಿಯೇನು ಎಂಬುದು ಒಂದು ಭಯ. ತಾನು ಯಾವ ಹೊಲವನ್ನೂ ನೋಡಿಲ್ಲವೆಂದು ಅದು ಹೇಳಿಬಿಟ್ಟರೆ ಎಂಬುದು ಇನ್ನೊಂದು.

ವಿಮಾನ ಇಳಿಯಿತು. ಮೀನಾಕ್ಷಿ ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಿತ್ರ ತೋರಿಸಿದಳು. ಮೋಟೆಬೆನ್ನೂರನ್ನು ಮೇಲಿಂದ ಅದುವರೆಗೆ ಕಾಗೆಗಳಷ್ಟೇ ಕಂಡಿದ್ದವು. ಬೂದು ಬಣ್ಣದ ಚೌಕ ಚೌಕ ಮಾಳಿಗೆಗಳು, ದಾರದಂಥ ಓಣಿಗಳು, ಅಲ್ಲಲ್ಲಿ ಕೆಂಪು ಚುಕ್ಕೆಗಳು. ಸಾಹುಕಾರರು ಚುಕ್ಕೆಗಳನ್ನು ತೋರಿಸಿ ಏನೆಂದು ಕೇಳಿದರು. ಮೀನಾಕ್ಷಿ ಬಾಯಿ ತೆರೆಯುವ ಮೊದಲೇ ಕರಬಸಪ್ಪ, ಅವು ದಾಸವಾಳದ ಹೂವು ಎಂದ. ಒಂದು ಮಾಳಿಗೆಯ ಮೇಲೆ ಅಚ್ಚ ಹಳದಿಯ ಚೌಕವೊಂದು ಹೊಳೆಯುತ್ತಿತ್ತು.

“ಇದೇನಿದು, ಅರಿಷಿಣ ಹರವಿದಂಗ?” ಎಂದರು ಸಾಹುಕಾರರು.

“ಗೋವಿನಜೋಳರಿ ಸಾವ್ಕಾರ್ರ. ಯಾರೋ ಒಣಾ ಹಾಕ್ಯಾರ. ಹಳದಿ ಅಂದ್ರ ಮತ್ತೇನಿರತೈತ್ರಿ.”

ಮೀನಾಕ್ಷಿ, “ಕಾಕಾ, ಇದರಾಗಿನ ಬಣ್ಣ ನಾವು ನೋಡೋ ಬಣ್ಣ ಅಲ್ರಿ,” ಎಂದು ಶುರುಮಾಡಿದಳು. ಅಷ್ಟರಲ್ಲಿ ಅವಳ ಬೆರಳು ತಾಗಿ ತೆರೆಯ ಮೇಲೆ ಬೇರೊಂದು ಚಿತ್ರ ಬಂತು. ಅದು ಹಿಂದಿನ ದಿನದ್ದು.

ಕರಬಸಪ್ಪ ಬಾನೆಟ್ಟಿನ ಮೇಲೆ ಬಗ್ಗಿದ. ಸಾಹುಕಾರರೂ ಬಗ್ಗಿದರು.

ತೆರೆಯ ತುಂಬ ಕೆಂಪು. ಕುಂಕುಮದ ತಟ್ಟೆಯಂತೆ, ಒಂದಿಷ್ಟೂ ಖಾಲಿ ಬಿಡದೆ ಹರವಿದ ಕೆಂಪು. ಸುತ್ತ ಒಂದು ಏರಿ, ಏರಿಯ ಮೇಲೆ ಇರುವೆಯಷ್ಟು ಒಂದು ಎತ್ತಿನಗಾಡಿ. ಹುಟ್ಟಿದಾಗಿನಿಂದ ಕಣದಲ್ಲಿ ಮೆಣಸಿನಕಾಯಿ ಹರವಿದ್ದನ್ನೇ ನೋಡಿದ ಬ್ಯಾಡಗಿಯ ಕಣ್ಣಿಗೆ ಅದು ಬೇರೇನಾಗಿಯೂ ಕಾಣಲು ಸಾಧ್ಯವಿರಲಿಲ್ಲ. ಗಾಡಿಯ ಅಳತೆ ಹಿಡಿದು ನೋಡಿದರೆ ಒಂದು ಹೊಲಕ್ಕಿಂತ ದೊಡ್ಡ ಕಣ.

“ಕರಬಸಪ್ಪ,” ಎಂದರು ಸಾಹುಕಾರರು, ಕಣ್ಣು ತೆರೆಯಿಂದ ತೆಗೆಯದೆ, “ಎಲ್ಲಾ ಹಸರು ಅಂದಿದ್ದೆಲ್ಲೋ.”

ಬೆಳೆ ನೋಡುವವನಾದರೆ ಇಲ್ಲಿ ಸುಮ್ಮನಿರುತ್ತಿದ್ದ. ಬೆಳೆ ನೋಡದವನು ಸುಮ್ಮನಿರುವಂತಿರಲಿಲ್ಲ. ನಾಲ್ಕೈದು ದಿನದ ಬಿಸಿಲಿಗೆ ಒಮ್ಮೆಲೇ ಹಣ್ಣಾಗಿದೆ, ಇಡೀ ಊರಿನವರು ಗುಟ್ಟಾಗಿ ಸೇರಿ ಒಂದೇ ಕಣ ಮಾಡಿದ್ದಾರೆ, ವಾಸನೆ ತನ್ನ ಮೂಗಿಗೆ ಬೆಳಿಗ್ಗೆಯೇ ಬಡಿದಿತ್ತು, ಸಾಹುಕಾರರಿಗೆ ಅಚ್ಚರಿ ಮಾಡೋಣವೆಂದು ಹೇಳಿರಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಇದು ಯಾವ ಜಾಗ ಎಂದು ಮೀನಾಕ್ಷಿಯನ್ನು ಕೇಳಿದ. ಗುತ್ತಲದ ದಾರಿಯಲ್ಲಿ, ದೊಡ್ಡ ಆಲದಮರದಿಂದ ಎಡಕ್ಕೆ ಎಂದು ಅವಳು ಹೇಳಿ, ಅವರು ಟೆಂಪೋ ಕಡೆ ಓಡುವುದನ್ನು ಕಂಡು ಗಾಬರಿಯಾಗಿ ಕೂಗಿದಳು, “ಕಾಕಾ, ಅದರಾಗ ಇಳೀಬ್ಯಾಡ್ರಿ, ಮೊಣಕಾಲಮಟ ಹುಗೀತೀರಿ.”

“ಕೇಳಿದ್ರ್ಯಾ,” ಎಂದ ಕರಬಸಪ್ಪ, ಕಣ್ಣಲ್ಲಿ ನೀರು ತಂದುಕೊಂಡು, “ಮೊಣಕಾಲಮಟ ಕಾಯಿ.”

ಮೇಳದವರು ಅಷ್ಟು ದೂರ ಬಂದರೆ ಊದಲು ಉಸಿರು ಉಳಿಯದೆಂದು ಸಾಹುಕಾರರು ಅವರನ್ನು ಹೆದ್ದಾರಿಯ ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ಇಳಿಸಿದರು. ಮೊದಲ ಚೀಲ ಇಲ್ಲಿಗೆ ಬರುತ್ತಲೇ ಅದರ ಮುಂದೆ ನಿಂತು ಬ್ಯಾಡಗಿಯವರೆಗೆ ಊದಬೇಕು, ಯಾರು ತಡೆದರೂ ನಿಲ್ಲಿಸಬಾರದು ಎಂದು ಫಕ್ಕೀರಸಾಬನಿಗೆ ಎರಡೆರಡು ಸಲ ಹೇಳಿದರು. ಫಕ್ಕೀರಸಾಬ ಮಾತು ಕೊಟ್ಟ. ಅವನು ಕೊಟ್ಟ ಮಾತಿಗೆ ತಪ್ಪುವವನಲ್ಲ.

ದಾರಿಯುದ್ದಕ್ಕೂ ಸಾಹುಕಾರರು ಫೋನು ಕಿವಿಯಿಂದ ತೆಗೆಯಲಿಲ್ಲ. ಹಾವೇರಿ ದಾಟುವಾಗ ಪೇಟೆಯ ಮುಖ್ಯ ವರ್ತಕರಿಗೆಲ್ಲ ಸುದ್ದಿ ಮುಟ್ಟಿತ್ತು. ಅಲ್ಲಿಂದ ಮುಂದೆ ನೆಂಟರಿಗೆ ಮುಟ್ಟಿತು. ರಾಣೆಬೆನ್ನೂರಿನ ಅತ್ತೆಯವರು ಪೂಜೆಗೆ ಹೊರಟು ಬಸ್‌ಸ್ಟ್ಯಾಂಡಿಗೂ ಬಂದಾಗಿತ್ತು. ಪ್ರತಿ ಫೋನಿನಲ್ಲೂ ಕಣ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು. ಕರಬಸಪ್ಪ ಹಿಂದೆ ಕುಳಿತು ಹೂಮಾಲೆ ಬಾಡದಂತೆ ನೀರು ಚಿಮುಕಿಸುತ್ತ, ಸಾಹುಕಾರರು ಪೇಟೆಯವರ ಮುಂದೆ ತನ್ನನ್ನು ‘ಕರಬಸಪ್ಪನವರು’ ಎಂದು ಕರೆಯುವ ಗಳಿಗೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದ.

ಆಲದಮರದಿಂದ ಎಡಕ್ಕೆ ತಿರುಗಿದರು. ಏರಿ ಕಂಡಿತು. ಚಿತ್ರದಲ್ಲಿದ್ದ ಅದೇ ಏರಿ. ಸಾಹುಕಾರರು ತೆಂಗಿನಕಾಯಿ ಕೈಯಲ್ಲಿ ಹಿಡಿದು ಮದುಮಗನಂತೆ ಇಳಿದರು. ಏರಿ ಹತ್ತಿ ನೋಡಿದರೆ ಆ ಕಡೆ ಕೆರೆ. ಕೆರೆ ಎನ್ನಲು ನೀರು ಕಾಣುತ್ತಿರಲಿಲ್ಲ. ದಂಡೆಯಿಂದ ದಂಡೆಯವರೆಗೆ ಜೊಂಡು, ದಪ್ಪ ಎಲೆಯ ತೇಲುಗಿಡ, ನಡುನಡುವೆ ನೇರಳೆ ಹೂವು. ಹಸಿರು ಎಂದರೆ ಅಂಥ ಹಸಿರನ್ನು ಕರಬಸಪ್ಪ ಫೋನಿನಲ್ಲಿಯೂ ವರ್ಣಿಸಿರಲಿಲ್ಲ.

ದಂಡೆಯಲ್ಲಿ ಜಯವ್ವ ಎಂಬ ಹೆಂಗಸು ಎಮ್ಮೆ ಮೈ ತೊಳೆಯುತ್ತಿದ್ದಳು. ಮೆಣಸಿನಕಾಯಿ ಕಣ ಎಲ್ಲಿ ಎಂದು ಕರಬಸಪ್ಪ ಕೇಳಿದ. ಈ ಊರಾಗ ಮೆಣಸಿನಗಿಡ ಯಾರೂ ಹಚ್ಚಿಲ್ಲ ಎಂದಳು. ಅವನು ನಂಬಲಿಲ್ಲ. ಗುಟ್ಟಿನ ಕಣವೆಂದ ಮೇಲೆ ಊರವರು ಹೇಳುತ್ತಾರೆಯೇ. ಕೆಂಪು ಆಚೆ ದಡದಲ್ಲಿ ಇರಬೇಕು, ಈ ಹಸಿರು ಹೊಲ ದಾಟಿದರೆ ಸಿಕ್ಕೀತು ಎಂದು ಧೋತರ ಎತ್ತಿಕಟ್ಟಿ ಇಳಿದೇಬಿಟ್ಟ.

“ಯಣ್ಣಾ, ಅದು ಹೊಲ ಅಲ್ಲೋ,” ಎಂದು ಜಯವ್ವ ಹೇಳುವಷ್ಟರಲ್ಲಿ ಅವನು ಮೊಣಕಾಲಮಟ ಹೂತಿದ್ದ. ಅದೂ ನೋವಿನ ಮೊಣಕಾಲು. ಎಳೆಯಲು ಹೋದ ಸಾಹುಕಾರರೂ ಹೂತರು. ಅವರ ಕೈಯ ತೆಂಗಿನಕಾಯಿ ಜಾರಿ ತೇಲುತ್ತ ಕೆರೆಯ ನಡುವಿಗೆ ಹೊರಟಿತು. ಜಯವ್ವ ಎಮ್ಮೆಯ ಹಗ್ಗ ಬಿಚ್ಚಿ ಎಸೆದಳು. ಒಂದು ತುದಿಗೆ ಅಲ್ಲಾವುದ್ದೀನ, ಅವನ ಹಿಂದೆ ಎಮ್ಮೆ. ಇಬ್ಬರೂ ಸೇರಿ ಬ್ಯಾಡಗಿ ಪೇಟೆಯ ಮರ್ಯಾದೆಯನ್ನು ದಂಡೆಗೆ ಎಳೆದುಹಾಕಿದರು. ಜಯವ್ವ ತಾನು ಕುಡಿಯಲು ತಂದಿದ್ದ ಕೊಡದ ನೀರನ್ನೇ ಅವರ ಕಾಲಿಗೆ ಸುರಿದಳು. ನಗು ಬಂದಾಗ ಎಮ್ಮೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಬೆನ್ನು ಮಾತ್ರ ಬಹಳ ಹೊತ್ತು ಕುಲುಕುತ್ತಿತ್ತು.

ಆಗ ಜೀಪು ಬಂತು. ಕೆರೆಯ ನೀರಿನ ಮಾದರಿ ತೆಗೆಯಲು ಮೀನಾಕ್ಷಿ ಹೇಗೂ ಅಲ್ಲಿಗೆ ಬರುವವಳೇ ಇದ್ದಳು. ಕೆಸರಿನ ಇಬ್ಬರನ್ನೂ ನೋಡಿ ಅವಳು ತನ್ನ ಟವೆಲ್ಲು ತಂದು ಸಾಹುಕಾರರಿಗೆ ಕೊಟ್ಟು, ಏರಿಯ ಮೇಲೆ ಕೂರಿಸಿ, ಬೆಳಿಗ್ಗೆ ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದಳು.

“ಆ ಕ್ಯಾಮೆರಾ ಹಿಡಿಯೋ ಬೆಳಕಿಗೆ ನಮ್ಮ ಕಣ್ಣಿನಾಗ ಬಣ್ಣನ ಇಲ್ರಿ. ಅದಕ್ಕ ನಾವು ಕೆಂಪು ಬಣ್ಣ ಕೊಡ್ತೇವಿ. ಹಸಿರೆಲಿ ಆ ಬೆಳಕನ್ನ ಭಾಳ ಹೊಳಸತಾವ. ಅದಕ್ಕ ಗಿಡ ಎಷ್ಟು ಹಸರೋ ಚಿತ್ರದಾಗ ಅಷ್ಟು ಕೆಂಪು. ಈ ಕೆರಿಯಾಗ ಜೊಂಡು ಎಷ್ಟು ಕಟ್ಟೇತಿ ಅಂತ ನೋಡಾಕ ತೆಗೆದಿದ್ದು.”

ಸಾಹುಕಾರರು ಟವೆಲ್ಲಿನಿಂದ ಕಿವಿಯೊಳಗಿನ ಕೆಸರು ತೆಗೆದರು. “ಹಂಗಾರ ಖರೇ ಕೆಂಪು ಮೆಣಸಿನಕಾಯಿ ಅದರಾಗ ಹೆಂಗ ಕಾಣತಾವ, ತಂಗಿ?”

“ಹಳದಿರಿ.”

“ಗೋವಿನಜೋಳ?”

“ಅವು ಬೆಳ್ಳಗ ಕಾಣತಾವ.”

ಸಾಹುಕಾರರು ಕರಬಸಪ್ಪನನ್ನು ನೋಡಿದರು. ಕರಬಸಪ್ಪ ಎಮ್ಮೆಯನ್ನು ನೋಡಿದ. ಬೆಳಿಗ್ಗೆ ಮಾಳಿಗೆಯ ಮೇಲೆ ಹೊಳೆಯುತ್ತಿದ್ದ ಹಳದಿ ಚೌಕ ಇಬ್ಬರ ಕಣ್ಣ ಮುಂದೆಯೂ ಒಂದೇ ಸಲ ಬಂತು.

ಮೀನಾಕ್ಷಿ ಇನ್ನೊಂದು ಮಾತು ಹೇಳಿದಳು. ನೀವು ಹೋದ ಮೇಲೆ ಬ್ಯಾಡಗಿಯವರೇ ಇನ್ನೊಬ್ಬರು ಕಾರಿನಲ್ಲಿ ಬಂದರು, ಭಾಳ ಒಳ್ಳೆಯವರು, ನಮಗೆಲ್ಲ ಚಹಾ ತರಿಸಿ ಕೊಟ್ಟು, ಕುಳಿತು ಪೂರಾ ಕೇಳಿಕೊಂಡು ಹೋದರು, ಎಂದಳು.

ಸಾಹುಕಾರರು ಹೆಸರು ಕೇಳಲಿಲ್ಲ. ಮೋಟೆಬೆನ್ನೂರಿನ ಚಿತ್ರದ ಅಚ್ಚು ಹಾಕಿದ ಹಾಳೆಯೊಂದು ಅವಳ ಬಳಿ ಇತ್ತು. ಅದನ್ನು ಅವಳು ಕೊಟ್ಟಳು, ಇವರು ಹಿಡಿದು ಓಡಿದರು. ಅಲ್ಲಾವುದ್ದೀನ ಅವತ್ತು ಓಡಿಸಿದ ಹಾಗೆ ಟೆಂಪೋ ಮತ್ತೆಂದೂ ಓಡಲಿಲ್ಲ. ಅವತ್ತು ಹಿಡಿದ ಖಟಖಟ ಸದ್ದನ್ನು ಅದು ಆಮೇಲೆ ಬಿಡಲೇ ಇಲ್ಲ. ದಾರಿಯಲ್ಲಿ ಸಾಹುಕಾರರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅತ್ತೆಯವರು ಅಂಗಡಿ ಮುಟ್ಟಿದ್ದರು. ಕಣ ಎಲ್ಲಿಯವರೆಗೆ ಬಂತು ಎಂದು ಕೇಳುತ್ತಿದ್ದರು. ಕ್ರಾಸಿಗೆ ಬಂದಾಗ ಬೇವಿನ ಮರದ ಕೆಳಗೆ ಮೇಳ ಇರಲಿಲ್ಲ. ಚಹಾಕ್ಕೆ ಹೋಗಿರಬೇಕು ಎಂದ ಕರಬಸಪ್ಪ. ಅವನ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು.

ಮೋಟೆಬೆನ್ನೂರಿನಲ್ಲಿ ಇಳಿದವನೇ ಹಾಳೆಯನ್ನು ಮೊದಲು ಹೀಗೆ ಹಿಡಿದ, ಆಮೇಲೆ ಹಾಗೆ ಹಿಡಿದ. ಗುಡಿ ಇಲ್ಲಿ, ಗಿರಣಿ ಇಲ್ಲಿ. ಎಡಕ್ಕೆ ಓಣಿ, ಓಣಿಯ ಕೊನೆಗೆ ಹೊರಳಿ ಮೂರನೆಯ ಮನೆ. ತಲೆ ಬಗ್ಗಿಸಿ ಹಾಳೆ ನೋಡುತ್ತ ನಡೆದವನು ಏನಕ್ಕೋ ಹಣೆ ಬಡಿಸಿಕೊಂಡು ನಿಂತ. ತಲೆಯೆತ್ತಿ ನೋಡಿದರೆ ಏಣಿ. ದಿನವೂ ಎರಡು ಹೊತ್ತು ಅವನೇ ಹಿಡಿಯುತ್ತಿದ್ದ ಏಣಿ.

ಅವತ್ತು ಮೊದಲ ಸಲ ಕರಬಸಪ್ಪ ಅದನ್ನು ಹತ್ತಿದ. ಮೊಣಕಾಲು ಏನನ್ನೂ ಅನ್ನಲಿಲ್ಲ. ಕೆಳಗೆ ಸಾಹುಕಾರರು ಏಣಿ ಹಿಡಿದುಕೊಂಡಿದ್ದರು.

ಮಾಳಿಗೆಯ ಮೇಲೆ ಗುಡಿಸಿದ ನೆಲ, ಮೂಲೆಯಲ್ಲಿ ಕಾಯಿ ತಿರುವುವ ಕೋಲು, ಬಿರುಕುಗಳಲ್ಲಿ ಸಿಕ್ಕಿಕೊಂಡ ಹೊಂಬಣ್ಣದ ಬೀಜ. ಮತ್ತು ಆ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಹಸಿ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಂತೆ. ವಾರದಿಂದ ಬೆಳಿಗ್ಗೆ ಎದ್ದು ನೆನಪಿಗೆ ಕೈಮುಗಿಯುತ್ತಿದ್ದವನ ನೆತ್ತಿಯ ಮೇಲೇ ಅದು ಇತ್ತು.

ಅಲ್ಲಿಂದ ಹೆದ್ದಾರಿ ಚೆನ್ನಾಗಿ ಕಾಣುತ್ತಿತ್ತು. ಬ್ಯಾಡಗಿಯ ಕಡೆಗೆ ಒಂದು ಕಾರು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಕಾರಿನ ನೆತ್ತಿಯ ಮೇಲೆ ಮಾಲೆ ಹಾಕಿದ ಒಂದು ಚೀಲ, ಚೀಲದ ಮುಂದೆ ಫಕ್ಕೀರಸಾಬನ ಮೇಳ. ಮೊದಲ ಚೀಲ ಬರುತ್ತಲೇ ಊದು, ಯಾರು ತಡೆದರೂ ನಿಲ್ಲಿಸಬೇಡ ಎಂದಿದ್ದರು, ಅವನು ನಿಲ್ಲಿಸಿರಲಿಲ್ಲ. ಗಾಳಿ ಈ ಕಡೆಗೆ ಇದ್ದುದರಿಂದ ರಾಗ ಸ್ಪಷ್ಟವಾಗಿ ಕೇಳುತ್ತಿತ್ತು. ಬಹಳ ಚೆನ್ನಾಗಿ ಊದುತ್ತಿದ್ದ.

ಕರಬಸಪ್ಪ ಇಳಿದು ಬಂದಾಗ ಸುಶೀಲವ್ವ ಸಾಹುಕಾರರಿಗೆ ಕಾಲು ತೊಳೆಯಲು ಬಿಸಿನೀರು ಕೊಟ್ಟು ಹೊರಸಿನ ಮೇಲೆ ಕೂರಿಸಿದ್ದಳು. ಭಾವಿಯ ಪಕ್ಕದ ತುಂಡು ಹೊಲದಲ್ಲಿ ಎಲ್ಲರಿಗಿಂತ ಮೊದಲು ಸಸಿ ಹಚ್ಚಿದ್ದು, ಕೈನೀರು ಹಾಕಿ ಬೆಳೆಸಿದ್ದು, ತಮ್ಮ ಬರುವ ಮುಂಚೆಯೇ ಬಿಡಿಸಿ ಮಾಳಿಗೆಗೆ ಏರಿಸಿದ್ದು, ಎಲ್ಲವನ್ನೂ ಸಂಕೋಚದಿಂದ ಹೇಳುತ್ತಿದ್ದಳು.

“ನನಗ ಯಾಕ ಹೇಳಲಿಲ್ಲಬೇ ಅಕ್ಕಾ?” ಎಂದ ಕರಬಸಪ್ಪ. ದನಿ ಏಣಿಯ ಮೇಲೆಯೇ ಉಳಿದಂತಿತ್ತು.

“ದಿನಾ ಏಣಿ ಹಿಡಿದೀಯಲ್ಲೋ ತಮ್ಮಾ. ದಿನಾ ಹೊಸಾ ರಂಜಕ ತಿಂದು ಹ್ವಾದ ವರ್ಷದ್ದು ಅಂತ ಚಾಷ್ಟಿ ಮಾಡಿದಿ. ಇಡೀ ಬ್ಯಾಡಗಿಗೆ ಬೆಳಿ ನೋಡಿ ಹೇಳಾಂವಗ ನಾ ಏನ ಹೇಳೂದು? ವಾರದ ಮ್ಯಾಲಾತು ಇಲ್ಲೇ ಮಲಗೀದಿ, ಒಂದ ಮಾತು ಕೇಳಲಿಲ್ಲ. ನಿಮ್ಮ ಅಂಗಡಿಗೆ ಇಷ್ಟು ಸಣ್ಣ ರಾಶಿ ಬ್ಯಾಡೇನೋ ಅಂತ ಸುಮ್ಮನಾದೆ. ಇವತ್ತ ಅವರ್ಯಾರೋ ಮನಿ ಮುಂದ ಬಂದು, ಚಪ್ಪಲಿ ಬಿಟ್ಟು, ಯವ್ವಾ ಮ್ಯಾಲಿನ ಕಾಯಿ ಕೊಡ್ತೀರೇನು ಅಂತ ಕೇಳಿದ್ರು. ಕೊಟ್ಟೆ.”

ವಾರದ ಮೇಲಾಯಿತು ಇಲ್ಲೇ ಮಲಗಿದ್ದಿ ಎಂಬ ಮಾತಿಗೆ ಸಾಹುಕಾರರು ನಿಧಾನವಾಗಿ ತಲೆಯೆತ್ತಿದರು. ಗುತ್ತಲ, ಹಾವೇರಿ, ಹಾವೇರಿಯ ಆಚೆ ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಅವರು ಸಿಟ್ಟು ಮಾಡಬಹುದಿತ್ತು. ಆದರೆ ಅಷ್ಟರಲ್ಲಿ ಸುಶೀಲವ್ವ ಅವರ ಮುಂದೆ ತಟ್ಟೆ ಇಟ್ಟಿದ್ದಳು. ಬಿಸಿ ರೊಟ್ಟಿ, ರಂಜಕ, ಬೆಣ್ಣೆ. ಸಿಟ್ಟು ಬಾಯಿಗೆ ಬರುವ ಹೊತ್ತಿಗೆ ಬಾಯಲ್ಲಿ ಜಾಗವಿರಲಿಲ್ಲ. ಅವರು ಒಂದು ರೊಟ್ಟಿ ತಿಂದರು, ಇನ್ನೊಂದು ತಿಂದರು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಶಹನಾಯಿಗೋ ತಿಳಿಯಲಿಲ್ಲ.

ಕೈ ತೊಳೆದು ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಒಂದೇ ಮಾತು ಹೇಳಿದರು.

“ಕರಬಸಪ್ಪನವರ, ನಾಳೆ ಮುಂಜಾನಿ ಗೋಡೌನಿಗೆ ಲಗೂ ಬರ್ರಿ. ದೊಡ್ಡ ಸೂಜಿ ತೆಗೆದಿಟ್ಟಿರ್ತೇನಿ.”

ಹಳ್ಳಿ ಹಳ್ಳಿ ಸುತ್ತಿ ಕೇಳಬೇಕೆಂದಿದ್ದ ಆ ‘ಅವರು’ ಕೊನೆಗೂ ಸಾಹುಕಾರರ ಬಾಯಿಂದಲೇ ಬಂದಿತ್ತು. ಕರಬಸಪ್ಪ ಹೊರಸಿನ ತುದಿಗೆ ಕುಳಿತು ಮೊಣಕಾಲು ನೀವಿಕೊಂಡ. ಟೆಂಪೋ ಹೊಸ ಸದ್ದು ಮಾಡುತ್ತ ಓಣಿ ದಾಟಿತು. ಬ್ಯಾಡಗಿಯ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.

ಸುಶೀಲವ್ವ ಒಳಗೆ ಹೋದಳು. ರೊಟ್ಟಿ ತಟ್ಟುವ ಸದ್ದು ಸ್ವಲ್ಪ ಹೊತ್ತು ಕೇಳಿತು, ನಿಂತಿತು. ಹೊರಗೆ ಬಂದು, ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿಯ ಗಂಟನ್ನು ತಮ್ಮನ ತೊಡೆಯ ಮೇಲೆ ಮೆಲ್ಲಗೆ ಇಟ್ಟು, ಗಂಟು ಬಿಚ್ಚದ ಹಾಗೆ ಇನ್ನೊಮ್ಮೆ ಬಿಗಿದಳು.